ಮಾಳಿಗೆಯ ಕಡೆ ತಿರುಗಿದ್ದ ಕುರ್ಚಿ

ಮಾಳಿಗೆಯ ಮೇಲೆ ಅಕ್ಕ ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದದ್ದನ್ನು ನಾನು ಕಣ್ಣಾರೆ ಕಂಡೆನೋ, ಮಾಮಾ ಆಮೇಲೆ ಹೇಳಿದ್ದನ್ನು ಕೇಳಿ ಕಂಡಂತೆ ಮಾಡಿಕೊಂಡೆನೋ, ಖಚಿತವಾಗಿ ಹೇಳಲಾರೆ. ಬಯಲಿನ ನಡುವಿನಿಂದ ಆ ಮಾಳಿಗೆ ಒಂದು ಕೂಗಳತೆ ದೂರ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಆದರೂ ನನ್ನ ನೆನಪಿನಲ್ಲಿ ಅವಳ ಸೀರೆ ಹಸಿರು, ಮಗುವಿನ ತಲೆಯ ಕುಲಾಯಿ ಕೆಂಪು. ಅಷ್ಟು ದೂರದಿಂದ ಕುಲಾಯಿಯ ಬಣ್ಣ ಕಂಡಿತು ಎಂದು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಹೈದರಾಬಾದಿನಲ್ಲಿ ವರ್ಷಗಟ್ಟಲೆ ಉರ್ದುವಿನಲ್ಲಿ ತರ್ಕಶಾಸ್ತ್ರ ಓದಿ ನಾನು ಕಲಿತದ್ದು ಒಂದೇ: ಸಾಕ್ಷಿ ಹೇಳುವವನು ವಿವರ ಹೆಚ್ಚು ಕೊಟ್ಟಷ್ಟೂ ಅವನನ್ನು ಹೆಚ್ಚು ಅನುಮಾನಿಸಬೇಕು. ಇಲ್ಲಿ ಸಾಕ್ಷಿ ನಾನೇ. ಹಾಗಾಗಿ ಕುಲಾಯಿಯ ಬಣ್ಣವನ್ನು ಬಿಟ್ಟುಬಿಡುತ್ತೇನೆ.

ಮುಂದೊಂದು ದಿನ ಅದೇ ಬಯಲಿನಲ್ಲಿ ಅವಳನ್ನು ತೋರಿಸಿ ಕೂಗಿದವರು ಯಾರು ಎಂಬುದೂ ನನಗೆ ತಿಳಿಯದು. ಕೂಗಿದ್ದು ನಮ್ಮೂರಿನ ಬಟ್ಟೆ ಹೊಲಿಯುವ ಸಿಂಪಿಗ ಎಂದು ಬಹಳ ಕಾಲ ಹೇಳಿಕೊಂಡು ಬಂದೆ. ಈಗ ಕಣ್ಣು ಮುಚ್ಚಿದರೆ ಟಾಂಗಾದವನ ಬಾಯಿ ತೆರೆದದ್ದು ಕಾಣುತ್ತದೆ. ಇಬ್ಬರೂ ಈಗ ಇಲ್ಲ.

ಮಾಮಾ ಅಂದರೆ ನನ್ನ ತಾಯಿಯ ಅಣ್ಣ. ಕೊಪ್ಪಳದಲ್ಲಿ ಶೇಂಗಾ ವ್ಯಾಪಾರ ಅವನದು. ಊರಿನಲ್ಲಿ ಆಗ ಒಂದು ಫುಟ್‌ಬಾಲ್ ಕ್ಲಬ್ಬು ಇತ್ತು. ಹತ್ತಿ ಗಿರಣಿಯ ಆಳುಗಳು, ಇಬ್ಬರು ಮಾಸ್ತರರು, ರೈಲು ಹಳಿ ಕಾಯುವವನೊಬ್ಬ, ಹೀಗೆ ಹನ್ನೊಂದು ಜನ ಹೇಗೋ ಕೂಡುತ್ತಿದ್ದರು. ಬರಿಗಾಲಿನ ಆಟ, ಬಿದಿರಿನ ಗೋಲು. ಚೆಂಡು ಮಾತ್ರ ಚರ್ಮದ್ದೇ ಆಗಬೇಕಲ್ಲ. ಯುದ್ಧ ಶುರುವಾದ ಮೇಲೆ ಅದೂ, ಅದರೊಳಗೆ ಗಾಳಿ ತುಂಬುವ ಬ್ಲಾಡರೂ ಸಿಗದಂತಾದವು. ಹುಬ್ಬಳ್ಳಿಗೆ ಮಾಲು ಕಳಿಸುತ್ತಿದ್ದ ಮಾಮಾ ಅಲ್ಲಿ ಯಾರನ್ನೋ ಹಿಡಿದು ತರಿಸುತ್ತಿದ್ದ. ಆ ಒಂದೇ ಕಾರಣಕ್ಕೆ ಅವನನ್ನು ಕ್ಲಬ್ಬಿನ ಅಧ್ಯಕ್ಷನನ್ನಾಗಿ ಮಾಡಿದರು. ನಿಜಾಮರ ಸೀಮೆಯ ರೂಢಿಯಂತೆ ಊರು ಅವನನ್ನು ಸದರ್ ಸಾಹೇಬ್ರು ಎಂದು ಕರೆಯಿತು. ಆಟ ಮಾಮಾನಿಗೆ ಒಂದಿಷ್ಟೂ ತಿಳಿಯುತ್ತಿರಲಿಲ್ಲ. "ಕೈಲೆ ಮುಟ್ಟಬಾರದಂದ್ರ ಆ ದೇವ್ರು ಕೈ ಯಾಕ ಕೊಟ್ಟಾನೋ ಅಳಿಯಾ?" ಎಂದು ನನ್ನನ್ನು ಕೇಳುತ್ತಿದ್ದ.

ಆದರೆ ಸದರ್ ಆದವನಿಗೆ ಬಯಲಂಚಿನಲ್ಲಿ, ನಡುಗೆರೆಯ ಹತ್ತಿರ, ಒಂದು ಕುರ್ಚಿ. ಉಳಿದ ಊರೆಲ್ಲ ನೆಲದ ಮೇಲೆ. ಎಲ್ಲರೂ ನೆಲದಲ್ಲಿ ಕೂತು ಒಬ್ಬನೇ ಕುರ್ಚಿಯಲ್ಲಿದ್ದರೆ ಜನರ ಕಣ್ಣು ಅವನ ಮೇಲೆ ಬೀಳದೆ ಇರುತ್ತದೆಯೇ? ಕುಷ್ಟಗಿಯವರ ಎದುರು ನಮ್ಮವರು ಸೋಲುತ್ತಿದ್ದ ದಿನ ಮಾಮಾ ಆರಾಮಾಗಿ ಶೇಂಗಾ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅದು ಸಿಂಪಿಗನ ಕಣ್ಣಿಗೆ ಬಿತ್ತು. ಆಟಗಾರರ ಬನಿಯನ್ನು ಹೊಲಿದವನು ಅವನು. ಹಾಗಾಗಿ ತಂಡದ ಅರ್ಧ ಮಾನ ತನ್ನದೇ ಎಂದುಕೊಂಡಿದ್ದ.

"ನಾವು ಇಲ್ಲಿ ಸೋತು ಸಾಯಾಕತ್ತೀವಿ, ಈ ಮನಷ್ಯಾ ಶೇಂಗಾ ಸುಲಿಯಾಕತ್ತಾನ ನೋಡ್ರಿ!"

ಯಲಬುರ್ಗಿಯವರ ಎದುರು ಗೆದ್ದಾಗ ಮಾಮಾ ತೂಕಡಿಸುತ್ತಿದ್ದನಂತೆ. ಅಲ್ಲಿಂದ ಮುಂದೆ ನಮ್ಮೂರಿನವರು ಒಂದು ಪದ್ಧತಿ ಮಾಡಿಕೊಂಡರು. ಬೇರೆ ಯಾವ ಊರಿನಲ್ಲೂ ನಾನು ಅಂಥದ್ದನ್ನು ಕಂಡಿಲ್ಲ. ಆಟವನ್ನೂ ಸದರನನ್ನೂ ಒಟ್ಟಿಗೆ ನೋಡುವುದು ಆಗದ ಮಾತು. ಆದ್ದರಿಂದ ಒಬ್ಬೊಬ್ಬರು ಪಾಳಿಯ ಮೇಲೆ ಆಟಕ್ಕೆ ಬೆನ್ನು ಮಾಡಿ ಕೂತು ಸದರನ ಮುಖ ನೋಡುವುದು, ಆಟ ಮುಗಿದ ಮೇಲೆ ಸ್ಟೇಶನ್ ಮುಂದೆ ಟಾಂಗಾ ನಿಲ್ಲುವಲ್ಲಿ ಎಲ್ಲರಿಗೂ ಅದನ್ನು ಒಪ್ಪಿಸುವುದು. ಇದಕ್ಕೆ 'ಸದರ್ ಪಾಳಿ' ಎಂದು ಹೆಸರು. ಪಾಳಿ ಬಂದವನು ಗೋಲು ನೋಡುವಂತಿಲ್ಲ, ಕೂಗು ಕೇಳಿ ತಿಳಿದುಕೊಳ್ಳಬೇಕು. ತಮಾಷೆಗೆ ಶುರುವಾದದ್ದು ಬರಬರುತ್ತ ಗಟ್ಟಿಯಾಯಿತು. ಪಾಳಿ ತಪ್ಪಿಸಿದವನ ಜೊತೆ ಮಾತು ಬಿಡುತ್ತಿದ್ದರು.

ರಜೆಗೆ ಬಂದಾಗ ನಾನೂ ಅಲ್ಲಿ ನಿಂತು ಕೇಳಿದ್ದೇನೆ. ಟಾಂಗಾದವನು ಕುದುರೆಗೆ ಹುಲ್ಲು ಹಾಕುತ್ತ ವಿಚಾರಣೆ ಶುರುಮಾಡುತ್ತಿದ್ದ.

"ಹೇಳಪಾ, ಸದರ್ ಏನ್ ಮಾಡಿದ್ರು?"

"ಮೊದಲ್ನೇ ಗೋಲಿಗೆ ಚಪ್ಪಾಳಿ ಹೊಡದ್ರು. ಆದ್ರ ಬಲಗೈಯಾಗ ಅಡಕಿ ಇತ್ತು. ಸಪ್ಪಳಾ ಬರಲಿಲ್ಲ."

"ಅಡಕಿ ಕೆಳಗ ಇಡಬೇಕಿತ್ತಲ್ಲ?"

"ಅಡಕಿ ಅವರ್ದು, ಗೋಲು ನಮ್ದು. ಯಾಕ ಇಟ್ಟಾರು?"

ಎಲ್ಲರೂ ನಗುತ್ತಿದ್ದರು. ನಾನೂ ನಕ್ಕೆ. ಆಗಿನ್ನೂ ನಗಬಹುದಾಗಿತ್ತು.

ಈಗ ಮನೆಯ ಸಂಗತಿ ಹೇಳಬೇಕು. ಮಾಮಾನಿಗೆ ಒಬ್ಬಳೇ ಮಗಳು. ನನಗಿಂತ ದೊಡ್ಡವಳು, ನಾನು ಅಕ್ಕ ಎನ್ನುತ್ತಿದ್ದೆ. ಅವಳನ್ನು ಗಂಗಾವತಿಗೆ ಕೊಟ್ಟಿದ್ದರು. ಗದ್ದೆ ಇದ್ದ ಮನೆತನ, ಕುಳಿತು ಉಣ್ಣುವಷ್ಟು ಅನುಕೂಲ. ಮದುವೆಯಾದ ಎರಡನೆಯ ವರ್ಷ ಅತ್ತೆ, ಅಂದರೆ ಮಾಮಾನ ಹೆಂಡತಿ, ಜ್ವರದಲ್ಲಿ ಮಲಗಿದವಳು ಏಳಲಿಲ್ಲ. ಅಕ್ಕನನ್ನು ಕಳಿಸಿಕೊಡಿ ಎಂದು ಗಂಗಾವತಿಗೆ ಆಳು ಹೋಯಿತು. ಅಂದು ಅಮಾವಾಸ್ಯೆ. ಅಮಾವಾಸ್ಯೆಯ ದಿನ ಸೊಸೆಯನ್ನು ಹೊಸ್ತಿಲು ದಾಟಿಸುವುದು ಆ ಮನೆಯಲ್ಲಿ ಇಲ್ಲವೆಂದು ಬೀಗರು, ಅಕ್ಕನ ಮಾವ, ಹೇಳಿ ಕಳಿಸಿದರು. ಅಕ್ಕ ಬಂದದ್ದು ಮಣ್ಣು ಮುಗಿದ ಮೇಲೆ. ಬಂದವಳು ಅಳಲೂ ಇಲ್ಲ. ಅಡುಗೆಮನೆಯಲ್ಲಿ ತಾಯಿ ಕೂರುತ್ತಿದ್ದ ಮಣೆಯ ಹತ್ತಿರ ಸುಮ್ಮನೆ ಕೂತಳು.

ಅವಳನ್ನು ತಿರುಗಿ ಬಿಡಲು ಮಾಮಾ ತಾನೇ ಹೋದ. ಹೊಸ್ತಿಲ ಮುಂದೆ ಬೀಗರು ಏನೋ ಸಮಾಧಾನ ಹೇಳಲು ಬಂದರಂತೆ. ಮಾಮಾ ಕೈ ಚಾಚಿ ಅವರ ತಲೆಯ ರುಮಾಲು ಕಿತ್ತು ಬೀದಿಗೆ ಎಸೆದುಬಿಟ್ಟ. ಓಣಿಯ ಜನ ನೋಡುತ್ತಿದ್ದರು. ನಮ್ಮ ಕಡೆ ಗಂಡಸಿನ ತಲೆಯ ರುಮಾಲಿಗೆ ಕೈ ಹಾಕುವುದಕ್ಕಿಂತ ದೊಡ್ಡ ಅವಮಾನ ಇಲ್ಲ. ಬೀಗರು ಜಗಳಾಡಲಿಲ್ಲ. ತಾವೇ ಇಳಿದು ಹೋಗಿ ರುಮಾಲು ಎತ್ತಿಕೊಂಡು, ಧೂಳು ಕೊಡವಿ, "ನಿಮ್ಮ ಮಗಳು ಈ ಮನಿ ಮಗಳಾಗಿ ಇರ್ತಾಳ. ನೀವು ಮಾತ್ರ ಇನ್ನ ಈ ಕಡಿ ಬರಬ್ಯಾಡ್ರಿ. ಆಕಿನೂ ಬರೂದಿಲ್ಲ" ಅಂದರಂತೆ. ಹಿರಿಯರನ್ನು ಕಳಿಸಿ ತಪ್ಪಾಯಿತೆಂದು ಹೇಳಿಸಿದರೂ ಅವರು ಮಾತು ಬದಲಿಸಲಿಲ್ಲ. ನಾಗರ ಪಂಚಮಿಗೆ ಅಕ್ಕನನ್ನು ಕರೆತರಲು ನಾನು ಹೋದೆ. ಪಂಚಮಿಗೆ ತವರಿಗೆ ಬಾರದ ಹೆಣ್ಣುಮಗಳು ನಮ್ಮ ಸೀಮೆಯಲ್ಲಿ ಎಲ್ಲಿದ್ದಾಳೆ? ನನಗೆ ನೀರು ಕೊಟ್ಟರು, ಊಟ ಹಾಕಿದರು, ಮರ್ಯಾದೆಯಿಂದಲೇ ಹಿಂದೆ ಕಳಿಸಿದರು. ಅಕ್ಕ ಒಳಗಿನಿಂದ ಹೊರಗೆ ಬರಲಿಲ್ಲ.

ಈ ರುಮಾಲಿನ ಸಂಗತಿಯನ್ನು ಮಾಮಾ ಕೊಪ್ಪಳದಲ್ಲಿ ಯಾರಿಗೂ ತಿಳಿಸಲಿಲ್ಲ. ಮಗಳನ್ನು ಗಂಗಾವತಿಗೆ ಕೊಟ್ಟಿದ್ದಾನೆ ಎಂಬಷ್ಟು ಊರಿಗೆ ಗೊತ್ತಿತ್ತು, ಬೀಗರ ಮನೆ ಯಾವುದೆಂದು ಗೊತ್ತಿರಲಿಲ್ಲ.

ಹೀಗಿರುವಾಗ ನಮ್ಮ ತಂಡಕ್ಕೆ ಗಂಗಾವತಿಯಿಂದ ಕರೆ ಬಂತು. ಪೆಟ್ರೋಲು ಸಿಗದೆ ಮೋಟಾರುಗಳು ಇದ್ದಿಲಿನಲ್ಲಿ ಓಡುತ್ತಿದ್ದ ಕಾಲ. ಹಿಂದೆ ಒಂದು ದೊಡ್ಡ ಕೊಳವೆಯಲ್ಲಿ ಇದ್ದಿಲು ಹೊತ್ತಿಸಿ, ಬೀಸಣಿಗೆ ತಿರುವಿ, ಮೋಟಾರು ಕೆಮ್ಮಿಕೊಂಡು ಹೊರಡುತ್ತಿತ್ತು. ಗಿಣಿಗೇರಾ ದಾಟುವಷ್ಟರಲ್ಲಿ ಎಲ್ಲರ ಮುಖವೂ ಮಸಿ. ಮಾಮಾ ಒಲ್ಲದ ಮನಸ್ಸಿನಿಂದ ಬಂದಿದ್ದ. ಸದರ್ ಬಾರದಿದ್ದರೆ ಜನ ಸುಮ್ಮನಿರುತ್ತಿರಲಿಲ್ಲ. ಬಯಲು ಊರಿನ ಕೊನೆಯ ಮನೆಗಳ ಹಿಂದೆ. ಮಾಮಾ ಕುರ್ಚಿಯಲ್ಲಿ ಕೂತ. ನಾನು ಅವನ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಅವನು ನನ್ನ ಭುಜ ಅದುಮಿದ.

"ಅಳಿಯಾ, ಆ ಗೋಲಿನ ಹಿಂದ ಮಾಳಿಗಿ ಐತಲ್ಲ, ಅದರ ಮ್ಯಾಲ ಯಾರದಾರ ನೋಡು. ನನ್ನ ಕಣ್ಣು ನಂಬೂಹಂಗಿಲ್ಲ."

ಬಲಗಡೆಯ ಗೋಲಿನ ಹಿಂದೆ ಮಣ್ಣಿನ ಮಾಳಿಗೆ ಮನೆ. ಬೀದಿಯ ಕಡೆಯಿಂದಷ್ಟೇ ನಾವು ಕಂಡಿದ್ದ ಬೀಗರ ಮನೆಯ ಬೆನ್ನು ಅದು. ಮೇಲೆ ಅಂಚಿನ ಸುತ್ತ ಮೊಣಕಾಲೆತ್ತರದ ಕಲ್ಲಿನ ಕುಂಬಿ. ಅದರಾಚೆ ಒಬ್ಬ ಹೆಂಗಸು ಮೆಣಸಿನಕಾಯಿ ಒಣಹಾಕುತ್ತಿದ್ದಳು. ಹರವಿದ್ದನ್ನೇ ಮತ್ತೆ ಮತ್ತೆ ಹರವುತ್ತಿದ್ದಳು.

"ಅಕ್ಕ, ಮಾಮಾ."

ಅವನು ಎದ್ದು, ಬಿಸಿಲು ಬಡಿಯುತ್ತಿದೆ ಎಂದು ಯಾರಿಗೋ ಹೇಳುವಂತೆ ಹೇಳಿ, ಕುರ್ಚಿಯನ್ನು ಆ ಕಡೆಗೆ ತಿರುಗಿಸಿಕೊಂಡ. ಆಟ ಮುಗಿಯುವ ತನಕ ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಿದರು. ಕೈ ಬೀಸಲಿಲ್ಲ, ಏನೂ ಇಲ್ಲ. ಅವಳು ಮೆಣಸಿನಕಾಯಿ ಹರವಿದಳು, ಇವನು ಕೂತಿದ್ದ.

ಪದ್ಧತಿಯ ಪ್ರಕಾರ ಮುಂದಿನ ಆಟ ಕೊಪ್ಪಳದಲ್ಲಿ ಆಗಬೇಕು, ಒಂದು ಸಲ ಅಲ್ಲಿ, ಒಂದು ಸಲ ಇಲ್ಲಿ. ಮಾಮಾ ಬಿಡಲಿಲ್ಲ. "ಮಾಳಿಗಿಗೆ ಹಾಕಾಕ ಅಂತ ಮಂದಿ ನಮ್ಮ ಬಯಲಿನ ಮಣ್ಣೆಲ್ಲಾ ತಗದಾರ. ತಗ್ಗು ಬಿದ್ದೈತಿ. ಹುಡುಗರ ಕಾಲು ಮುರದ್ರ ಯಾರ ಜವಾಬ್ದಾರಿ?" ಎಂದ. ಸದರ್ ಸಾಹೇಬರು ಆಟಗಾರರ ಕಾಲಿನ ಚಿಂತೆ ಮಾಡಿದ್ದು ಅದೇ ಮೊದಲು. ಸಿಂಪಿಗನಿಗೆ ಅಲ್ಲೇ ಅನುಮಾನ ಬಂತು.

ಎರಡನೆಯ ಸಲ ಹೋದಾಗ ಸದರ್ ಪಾಳಿ ಟಾಂಗಾದವನದು. ಮಾಮಾ ಬಂದವನೇ ಕುರ್ಚಿಯನ್ನು ಮಾಳಿಗೆಯ ಕಡೆ ತಿರುಗಿಸಿಕೊಂಡು ಕೂತ. ಚೆಂಡು ಎಡಗಡೆ ಇದ್ದರೂ ಅವನು ಬಲಗಡೆ ನೋಡುತ್ತಿದ್ದ. ಅಕ್ಕ ಹೆತ್ತಿದ್ದಾಳೆ, ಹೆಣ್ಣುಮಗು ಎಂದು ಯಾರ ಬಾಯಿಂದಲೋ ಕೇಳಿದ್ದೆವು ಅಷ್ಟೇ. ಆ ದಿನ ಮಾಳಿಗೆಯ ಮೇಲೆ ಅವಳು ಬಹಳ ಹೊತ್ತು ಕಾಣಲಿಲ್ಲ. ಮಾಮಾ ಕುರ್ಚಿಯ ತುದಿಗೆ ಬಂದು ಕೂತಿದ್ದ. ಆಮೇಲೆ ಅವಳು ಬಂದಳು, ಕುಂಬಿಯ ತನಕ ನಡೆದಳು, ಮಗುವನ್ನು ಎತ್ತಿ ಹಿಡಿದಳು. ನಾನು ಕಂಡೆನೋ ಇಲ್ಲವೋ ಎಂದು ಮೊದಲೇ ಹೇಳಿದೆನಲ್ಲ, ಅದೇ ಇದು. ಮಾಮಾ ಎದ್ದು ನಿಂತದ್ದನ್ನಂತೂ ಕಂಡೆ. ಎದ್ದು ನಿಂತು ಎರಡೂ ಕೈಯಿಂದ ಚಪ್ಪಾಳೆ ಹೊಡೆದ. ಅವನು ಹಾಗೆ ನಗುವುದನ್ನು ಅತ್ತೆ ಸತ್ತ ಮೇಲೆ ನಾನು ನೋಡಿರಲಿಲ್ಲ.

ಅದೇ ಹೊತ್ತಿಗೆ ಬಲಗಡೆಯ ಗೋಲಿನಲ್ಲಿ ಗಂಗಾವತಿಯವರು ನಮಗೆ ಗೋಲು ಹೊಡೆದಿದ್ದರು.

ಹಿಂದಿರುಗುವಾಗ ಮೋಟಾರಿನಲ್ಲಿ ಯಾರೂ ಅವನ ಜೊತೆ ಮಾತಾಡಲಿಲ್ಲ. ಮರುದಿನ ಟಾಂಗಾ ನಿಲ್ಲುವಲ್ಲಿ ಜಾತ್ರೆಯಷ್ಟು ಜನ.

"ನಾ ಕಣ್ಣಾರೆ ನೋಡೀನಿ," ಟಾಂಗಾದವನು ಎದೆ ಮುಟ್ಟಿಕೊಂಡು ಹೇಳಿದ. "ನಿಂತು ಚಪ್ಪಾಳಿ ಹೊಡದಾನ. ಅದೂ ಅಡಕಿ ಇಲ್ದ!"

"ನಮ್ಮ ಗೋಲಿಗೆ ಒಂದ್ ದಿನ ಕುಂಡಿ ಎತ್ತಿದಾಂವಲ್ಲ," ಸಿಂಪಿಗ ಅಂದ.

"ಬೀಗರ ಊರಲ್ಲೇನ್ರಿ. ಗಂಗಾವತಿ ಅಕ್ಕಿ ಹೊಟ್ಟಿಗೆ ಹ್ವಾದ ಮ್ಯಾಲ ಕೊಪ್ಪಳದ ಜ್ವಾಳ ಎಲ್ಲಿ ನೆನಪಿರ್ತೈತಿ?" ಗುಂಪಿನಲ್ಲೊಬ್ಬ ಕೇಳಿದ.

"ಉಣ್ಣಲಿ ಬಿಡೋ. ಉಂಡು ಸುಮ್ನ ಕುಂಡ್ರಬೇಕಲ್ಲ."

ಬೀಗರ ಮನೆಯ ನೀರೂ ಸಿಗದ ಮನುಷ್ಯನ ಬಗ್ಗೆ ಆಡುತ್ತಿದ್ದ ಮಾತುಗಳಿವು. ನಾನು ಅಲ್ಲಿಂದ ನೇರ ಮಾಮಾನ ಅಂಗಡಿಗೆ ಹೋದೆ. ಅವನು ಚೀಲದ ಬಾಯಿ ಹೊಲಿಯುತ್ತಿದ್ದ.

"ಮಾಮಾ, ಇದ್ದದ್ದು ಹೇಳಿಬಿಡು. ಅವರೇನು ಕೆಟ್ಟ ಮಂದಿ ಅಲ್ಲ. ತಿಳಕೋತಾರ."

"ತಿಳಕೋತಾರ. ತಿಳಕೊಂಡು ಸುಮ್ನಿರ್ತಾರೇನು? ಮುಂದಿನ ಸಲ ಹ್ವಾದಾಗ ಎಲ್ಲಾರೂ ಆ ಮಾಳಿಗಿ ನೋಡ್ತಾರ. ಅಯ್ಯೋ ಪಾಪ ಅಂತಾರ. ಗಂಗಾವತಿಯಾಗ ಒಬ್ಬಂಗ ಹೇಳ್ತಾರ. ಸಂಜೀಕ ಬೀಗರ ಕಿವೀಗೆ ಮುಟ್ಟತೈತಿ. ಆಕಿಗೆ ಮಾಳಿಗಿ ಮೆಟ್ಟಲಾ ಬಂದ್."

"ಹಂಗಂದ್ರ ಬೈಸ್ಕೋತ ಕುಂಡ್ರತೀಯೇನು?"

"ಬೈಯ್ಲಿ. ನನಗ ಬೈದ್ರ ಏನು ಉದುರ್ತೈತಿ? ನೀ ಒಬ್ಬಂವ ಬಾಯಿ ಮುಚ್ಚಿದ್ರ ಸಾಕು." ದಬ್ಬಣ ಕೆಳಗಿಟ್ಟು ನನ್ನ ಮುಖ ನೋಡಿದ. "ಕೂಸು ಆಕಿ ಅವ್ವನ್ಹಂಗ ಐತೇನೋ? ನನಗ ಅಷ್ಟು ದೂರದ್ದು ಮಾರಿ ಕಾಣಲಿಲ್ಲ."

ಕಂಡಿತೋ ಇಲ್ಲವೋ ನನಗೆ ಆಗಲೂ ಗೊತ್ತಿರಲಿಲ್ಲ. ಹೌದು ಎಂದೆ.

ಮುಂದಿನ ಆಟ ಕೊಪ್ಪಳದಲ್ಲೇ ಆಗಬೇಕೆಂದು ಜನ ಹಟ ಹಿಡಿದರು. ಮಾಮಾ ಅಂಗಡಿಯ ಕಟ್ಟೆಯ ಮೇಲೆ ನಿಂತು, ಹಾಗಿದ್ದರೆ ಬೇರೆ ಸದರನನ್ನು ನೋಡಿಕೊಳ್ಳಿ, ಬ್ಲಾಡರೂ ಅವನೇ ತರಲಿ, ಎಂದುಬಿಟ್ಟ. ಆಟಗಾರರು ತಲೆ ತಗ್ಗಿಸಿದರು. ಇದ್ದ ಬ್ಲಾಡರಿಗೆ ಆಗಲೇ ಹಲವು ತೇಪೆ ಬಿದ್ದಿದ್ದವು. ಹೀಗೆ ಮೂರನೆಯ ಸಲವೂ ಗಂಗಾವತಿಯೇ ಆಯಿತು. ಮಾಮಾ ಗೆದ್ದೆ ಅಂದುಕೊಂಡಿದ್ದ. ಇನ್ನು ಮುಂದೆ ಜನ ತನ್ನನ್ನು ಇನ್ನಷ್ಟು ಹತ್ತಿರದಿಂದ ನೋಡುತ್ತಾರೆ ಎಂಬುದು ಅವನಿಗೆ ಹೊಳೆಯಲಿಲ್ಲ. ಅದನ್ನು ನಾನು ಹೇಳಿದೆನೇ? ಹೇಳಿದ ನೆನಪಿದೆ. ಆಮೇಲೆ ಆದದ್ದು ಗೊತ್ತಿರುವುದರಿಂದ ನೆನಪು ಅದನ್ನು ಸೇರಿಸಿದ್ದರೂ ಸೇರಿಸಿರಬಹುದು.

ಆ ದಿನ ಸಿಂಪಿಗನ ಪಾಳಿ. ಅವನು ಆಟಕ್ಕೆ ಬೆನ್ನು ಮಾಡಿ ಮಾಮಾನ ಎದುರಿಗೇ ಕೂತ. ಸೂಜಿಯ ಕಣ್ಣಿಗೆ ದಾರ ಪೋಣಿಸುವವನ ನೋಟ ಅವನದು. ಮಾಮಾ ಮಾಳಿಗೆ ನೋಡಿದ, ಸಿಂಪಿಗ ಮಾಮಾನನ್ನು ನೋಡಿದ. ಮಾಳಿಗೆಯ ಮೇಲೆ ಅಕ್ಕ ಮಗುವಿನ ಕೈ ಹಿಡಿದು ಕುಂಬಿಯ ಉದ್ದಕ್ಕೂ ನಡೆಸುತ್ತಿದ್ದಳು. ಮಗುವಿಗೆ ಕಾಲು ಬಂದಿತ್ತು. ಎರಡು ಹೆಜ್ಜೆ ಇಟ್ಟು ಕೂತುಬಿಡುತ್ತಿತ್ತು, ಅವಳು ಮತ್ತೆ ಎಬ್ಬಿಸುತ್ತಿದ್ದಳು. ಮಾಮಾನ ತುಟಿ ಅಲ್ಲಾಡುತ್ತಿತ್ತು. ನಡಿ, ನಡಿ ಎನ್ನುತ್ತಿದ್ದನೇನೋ.

ಸಿಂಪಿಗ ಮೊದಲ ಬಾರಿಗೆ ಮಾಮಾನ ಮುಖ ಬಿಟ್ಟು, ಅವನ ಕಣ್ಣು ಹೋದ ಕಡೆ ಹೊರಳಿ ನೋಡಿದ.

ಆಮೇಲೆ ಕೂಗು ಕೇಳಿತು. ಮಾತು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ.

"ಲೇ, ಇಲ್ನೋಡ್ರಲೇ! ಸದರ್ ಸಾಹೇಬ್ರ ಗೋಲು ಮಾಳಿಗಿ ಮ್ಯಾಲ ಐತಿ!"

ಇನ್ನೊಬ್ಬನು ಅದಕ್ಕೆ ಜೋಡಿಸಿದ: "ಹೇಣ್ತಿ ಸತ್ತು ಭಾಳ ದಿನಾ ಆತಲ್ರಪಾ, ಪಾಪ!"

ನಮ್ಮವರೆಲ್ಲ ನಕ್ಕರು. ಕೆಲವರು ಸಿಳ್ಳು ಹಾಕಿದರು. ಆಟಗಾರರೂ ಚೆಂಡು ಬಿಟ್ಟು ಮೇಲೆ ನೋಡಿದರು. ಬಯಲು ತುಂಬ ಇದ್ದ ಗಂಡಸರೆಲ್ಲ ಒಬ್ಬ ಹೆಂಗಸಿನ ಕಡೆ ತಲೆ ಎತ್ತಿದ್ದರು. ಗಂಗಾವತಿಯ ಕಡೆಯವರು ಮಾತ್ರ ನಗಲಿಲ್ಲ. ಅವರಿಗೆ ಅದು ಯಾರ ಮನೆ, ಅವಳು ಯಾರ ಮಗಳು ಎಂದು ಗೊತ್ತಿತ್ತು. ಮನೆಯ ಹೆಣ್ಣುಮಗಳ ಮಾತು ಬಯಲಲ್ಲಿ ಆಡುವಂಥದ್ದಲ್ಲ ಎಂದು ಬಾಯಿ ಬಿಗಿದುಕೊಂಡರು. ಅವರ ನಡುವೆ ಬೀಗರೂ ಇದ್ದರು. ಅದು ನಮಗೆ ಗೊತ್ತೇ ಇರಲಿಲ್ಲ. ಅವರು ಮಾಳಿಗೆಯ ಕಡೆ ನೋಡಿದರು, ಕುರ್ಚಿಯ ಕಡೆ ನೋಡಿದರು, ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಂಡು ಮನೆಯ ಕಡೆ ನಡೆದರು. ಓಡಲಿಲ್ಲ, ಜೋರಾಗಿಯೂ ಹೋಗಲಿಲ್ಲ.

ಅಕ್ಕ ಸೆರಗು ಎಳೆದುಕೊಂಡು ಮಗುವನ್ನು ಎತ್ತಿಕೊಂಡು ಇಳಿದು ಹೋದಳು.

ಮಾಮಾ ಹಾಗೇ ಕೂತಿದ್ದ. ಅವನ ಮೇಲೆ ಬಂದದ್ದು ಎಂಥ ಮಾತು ಎಂಬುದು ಅವನಿಗೆ ತಟ್ಟಿತೋ ಇಲ್ಲವೋ. ನಾನು ಏಳಲು ಹೋದೆ. ನನ್ನ ಭುಜ ಹಿಡಿದು ಕೂರಿಸಿದ.

"ಸುಮ್ನಿರು. ಈಗ ನೀ ಬಾಯಿ ತಗದ್ರ ಆಕೀದು ಇನ್ನಷ್ಟು ಹಾಳಾಗತೈತಿ."

ನಾಲ್ಕನೆಯ ಸಲ ನಾವು ಹೋದದ್ದು ಯುಗಾದಿಯ ಹಿಂದುಮುಂದು. ಈ ಸಲ ಗಂಗಾವತಿಯೇ ಆಗಲಿ ಎಂದು ಮಾಮಾ ಗದರಲಿಲ್ಲ, ಬೇಡಿಕೊಂಡ. ಇದೊಂದೇ ಸಲ ಎಂದ. ಸದರನ ಬಾಯಿಂದ ಅಂಥ ಮಾತು ಕೇಳಿ ಅಭ್ಯಾಸವಿಲ್ಲದ ಆಟಗಾರರು ಒಪ್ಪಿಕೊಂಡರು. ಮೋಟಾರಿನಲ್ಲಿ ಅವನು ಮಡಿಲಲ್ಲಿ ಒಂದು ಬಟ್ಟೆಯ ಗಂಟು ಇಟ್ಟುಕೊಂಡಿದ್ದ. ಅದರಲ್ಲಿ ಒಂದು ಚಿಕ್ಕ ಲಂಗವಿತ್ತು. ಯಾರ ಕೈಯಲ್ಲಿ ಹೇಗೆ ಮುಟ್ಟಿಸಬೇಕೆಂದಿದ್ದನೋ, ನಾನು ಕೇಳಲಿಲ್ಲ.

ಬಯಲು ಕಂಡ ಕೂಡಲೇ ಇಬ್ಬರಿಗೂ ತಿಳಿಯಿತು. ಮಾಳಿಗೆಯ ಹಳೆಯ ಕಲ್ಲಿನ ಕುಂಬಿಯ ಮೇಲೆ, ಬಯಲಿನ ಕಡೆ ಮಾತ್ರ, ಹೊಸ ಇಟ್ಟಿಗೆಯ ಗೋಡೆ ಎದ್ದಿತ್ತು. ನಿಂತ ಹೆಂಗಸಿನ ತಲೆಗಿಂತ ಎತ್ತರ. ಇಟ್ಟಿಗೆಯ ಕೆಂಪು ಇನ್ನೂ ಮಾಸಿರಲಿಲ್ಲ.

ಮಾಮಾ ಕುರ್ಚಿಯ ಬೆನ್ನು ಹಿಡಿದು ನಿಂತು ಆ ಗೋಡೆಯನ್ನು ನೋಡಿದ. ಆಮೇಲೆ ಕುರ್ಚಿಯನ್ನು ಎತ್ತಿ ಬಯಲಿಗೆ ಎದುರಾಗಿ, ನೇರವಾಗಿ ಇಟ್ಟ. ಮಾಳಿಗೆ ಅವನ ಬಲಗಿವಿಯ ಕಡೆಗೆ ಬಂತು. ಗಂಟನ್ನು ಕುರ್ಚಿಯ ಕೆಳಗಿಟ್ಟು ಕೂತ. ಚೆಂಡು ಎಡಕ್ಕೆ ಹೋದರೆ ಎಡಕ್ಕೆ ನೋಡಿದ. ಬಲಕ್ಕೆ ಬಂದಾಗಲೂ ಚೆಂಡಿನಿಂದ ಕಣ್ಣು ಮೇಲೆತ್ತಲಿಲ್ಲ. ನಮ್ಮವರು ಗೋಲು ಹೊಡೆದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದ. ಅವರು ಹೊಡೆದಾಗ ಕೈ ತೊಡೆಯ ಮೇಲಿಟ್ಟು ತಲೆ ತಗ್ಗಿಸಿದ. ಅಡಿಕೆ ಹಾಕಿಕೊಳ್ಳಲಿಲ್ಲ. ಆವತ್ತು ಪಾಳಿಯವನಿಗೆ ಹೇಳಲು ಒಂದು ತಪ್ಪೂ ಸಿಗಲಿಲ್ಲ.

ಆಟ ಮುಗಿದ ಮೇಲೆ ಜನ ಬಂದು ಮಾಮಾನ ಕೈ ಕುಲುಕಿದರು. ಸಿಂಪಿಗ ನನ್ನನ್ನು ಪಕ್ಕಕ್ಕೆ ಕರೆದ. ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು.

"ನೋಡ್ರಿ ತಮ್ಮಾರ, ಒಂದ್ ಸಲ ಕೂಗಿದ್ದಕ್ಕ ನಿಮ್ಮ ಮಾಮಾರು ಹೆಂಗ ಸುಧಾರಿಸಿದ್ರು! ಇನ್ನ ನಮ್ಮ ತಕರಾರಿಲ್ಲ. ಛಲೋ ಸದರ್ ಆದ್ರು."

ಹಿಂದಿರುಗುವಾಗ ಮೋಟಾರು ಗಿಣಿಗೇರಾ ಮುಟ್ಟಿತ್ತು. ಮಾಮಾ ನನ್ನ ಕಡೆ ಬಾಗಿ ಕೇಳಿದ.

"ಚೆಂಡು ಗೆರಿ ದಾಟಿ ಹೊರಗ ಹ್ವಾದ್ರ, ಒಮ್ಮೊಮ್ಮೆ ಕೈಲೆ ಒಗೀತಾರಲ್ಲ, ಅದು ಹೆಂಗ?"

ಹೇಳಿದೆ. ಪಕ್ಕದ ಗೆರೆ ದಾಟಿದರೆ ಕೈಯಿಂದ ಎಸೆಯಬಹುದು, ಗೋಲಿನ ಪಕ್ಕ ದಾಟಿದರೆ ಕಾಲಿನಿಂದ ಒದೆಯಬೇಕು. ಅವನು ಗಮನವಿಟ್ಟು ಕೇಳಿದ, ಮತ್ತೊಂದು ಪ್ರಶ್ನೆ ಕೇಳಿದ. ಊರು ಬರುವಷ್ಟರಲ್ಲಿ ಆಟದ ನಿಯಮಗಳನ್ನೆಲ್ಲ ಕೇಳಿ ಮುಗಿಸಿದ್ದ. ಗಂಟು ಬಯಲಿನಲ್ಲೇ ಉಳಿಯಿತು. ಮರೆತನೋ ಬಿಟ್ಟನೋ, ಅದೂ ನನಗೆ ತಿಳಿಯದು.

ಮುಂದೆ ಆಟಗಳು ಮೊದಲಿನ ಪದ್ಧತಿಯಂತೆ ಒಂದು ಸಲ ಅಲ್ಲಿ, ಒಂದು ಸಲ ಇಲ್ಲಿ ನಡೆದವು. ಗಂಗಾವತಿಗೆ ಹೋದಾಗಲೆಲ್ಲ ಮಾಮಾ ಅದೇ ಜಾಗದಲ್ಲಿ ಬಯಲಿಗೆ ಎದುರಾಗಿ ಕೂತ. ಕಣ್ಣು ಚೆಂಡಿನ ಮೇಲೆ. ನೋಡುವುದಕ್ಕೆ ಏನೂ ಇಲ್ಲವಾಗಿ ಸದರ್ ಪಾಳಿ ತಾನಾಗಿಯೇ ನಿಂತುಹೋಯಿತು. ನಾನು ಓದು ಮುಗಿಸಿ, ಒಂದು ಕಡೆ ನಿಲ್ಲಲಾರದೆ, ಊರೂರು ಬದಲಿಸುತ್ತ ತಿರುಗಿದೆ. ಯುದ್ಧ ಮುಗಿದ ಸ್ವಲ್ಪ ಕಾಲಕ್ಕೆ ಮಾಮಾ ಅಂಗಡಿಯಲ್ಲೇ ಕೂತಲ್ಲಿ ಒರಗಿದ ಎಂದು ತಂತಿ ಬಂತು.

ಈ ಸಲ ಬೀಗರು ತಡಮಾಡಲಿಲ್ಲ. ಅಕ್ಕನನ್ನು ಆ ಹೊತ್ತಿಗೇ ಕಳಿಸಿಕೊಟ್ಟರು. ಮಗಳಿಗೆ ತಂದೆಯ ಮುಖ ಹತ್ತಿರದಿಂದ ಸಿಕ್ಕಿತು. ಆಟಗಾರರು ಹೆಗಲು ಕೊಟ್ಟರು. ಮಣ್ಣು ಮುಗಿಸಿ ಬಂದು ಪಡಸಾಲೆಯಲ್ಲಿ ಕೂತಾಗ ಟಾಂಗಾದವನು ಕಂಬಕ್ಕೊರಗಿ ಅತ್ತ. ಒಳಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅವಳು ಯಾವ ಮನೆಯ ಯಾವ ಮಾಳಿಗೆಯವಳು ಎಂಬುದು ಅವನಿಗೆ ಆಗಲೂ ಗೊತ್ತಿರಲಿಲ್ಲ.

"ಇಂಥಾ ಸದರ್ ಇನ್ನ ಸಿಗೂದಿಲ್ಲವಾ ತಂಗೀ," ಅಂದ. "ಮೊದ್ಲು ನಾವೂ ಅವರಿಗೆ ಭಾಳ ಅಂದೀವಿ. ಆದ್ರ ಆಮ್ಯಾಲ ಹೆಂಗಿದ್ರು ಅಂತೀ! ಆಟಾ ಬಿಟ್ಟು ಆ ಕಡಿ ಈ ಕಡಿ ಒಂದ್ ಸಲಾನೂ ನೋಡಿದವರಲ್ಲ."

ಅಕ್ಕ ಬಹಳ ಮೆಲ್ಲಗೆ ಹೇಳಿದಳು.

"ಹೌದ್ರಿ ಅಣ್ಣಾ. ಆಮ್ಯಾಲ ಒಂದ್ ಸಲಾನೂ ನೋಡ್ಲಿಲ್ಲ."

ಟಾಂಗಾದವನು ತಲೆ ಆಡಿಸಿದ. ಅವನಿಗೆ ಅದು ತನ್ನ ಮಾತಿಗೆ ಒಪ್ಪಿಗೆಯಂತೆ ಕೇಳಿಸಿತು. ನನಗೆ ಅದು ಹಾಗೆ ಕೇಳಿಸಲಿಲ್ಲ. ಆದರೆ ಅವಳು ನಿಜವಾಗಿ ಹಾಗೆಂದಳೇ? ಅಂಥ ಎತ್ತರದ ಗೋ‍ಡೆಯ ಆಚೆ ಇದ್ದವಳಿಗೆ ಅಪ್ಪ ಯಾವ ಕಡೆ ನೋಡುತ್ತಿದ್ದ ಎಂದು ಹೇಗೆ ತಿಳಿಯಬೇಕು? ಸುಮ್ಮನೆ ಅವನ ಮಾತನ್ನೇ ತಿರುಗಿ ಹೇಳಿದಳೇನೋ. ಅಥವಾ ಇದೂ ನಾನು ಕಟ್ಟಿಕೊಂಡದ್ದೇನೋ. ಕೇಳಬೇಕೆಂದು ಅಂದುಕೊಂಡೆ. ಅಳುವ ಮನೆಯಲ್ಲಿ ಕೇಳುವುದು ಹೇಗೆ? ಕೆಲವೇ ವರ್ಷಗಳಲ್ಲಿ ಅವಳೂ ಹೋದಳು. ನಾನಾಗ ದೂರದ ಊರಿನಲ್ಲಿದ್ದೆ.

ಬಹಳ ವರ್ಷಗಳ ಮೇಲೆ ಗಂಗಾವತಿಗೆ ಹೋದೆ. ಆ ಮನೆಯಲ್ಲಿ ಈಗ ಅಕ್ಕನ ಮಗಳಿದ್ದಾಳೆ, ಕುಂಬಿಯ ಉದ್ದಕ್ಕೂ ಹೆಜ್ಜೆ ಕಲಿತವಳು. ಅವಳಿಗೆ ಏನೂ ನೆನಪಿಲ್ಲ. ಇರುವ ವಯಸ್ಸೂ ಆಗಿರಲಿಲ್ಲ. ಚಹಾ ಕೊಟ್ಟಳು. ಮಾಳಿಗೆ ನೋಡಬೇಕು ಎಂದರೆ ವಿಚಿತ್ರವಾಗಿ ನೋಡಿದಳು, ಆದರೆ ಬೇಡ ಅನ್ನಲಿಲ್ಲ. ನಾನು ಮೊದಲು ಹಿಂದಿನ ಬಯಲಿಗೆ ಹೋದೆ. ಬಯಲು ಹಾಗೇ ಇತ್ತು. ಕುರ್ಚಿ ಇರುತ್ತಿದ್ದ ಜಾಗದಲ್ಲಿ ನನ್ನ ಕೊಡೆಯನ್ನು ಬಿಚ್ಚಿ ನೆಲದ ಮೇಲಿಟ್ಟು, ಹಾರದಂತೆ ಕಲ್ಲು ಹೇರಿ, ಬಂದು ಮಾಳಿಗೆ ಹತ್ತಿದೆ.

ಇಟ್ಟಿಗೆಯ ಗೋಡೆ ಈಗ ಕಪ್ಪಾಗಿದೆ. ನನ್ನ ತಲೆಗೂ ಎತ್ತರ. ನಿಂತರೆ ಆಕಾಶ ಬಿಟ್ಟು ಏನೂ ಕಾಣುವುದಿಲ್ಲ. ಕೆಳಗೆ ಹಳೆಯ ಕುಂಬಿಯ ಕಲ್ಲಿನ ಸಾಲಿನಲ್ಲಿ, ಮಾಳಿಗೆಯ ಮಟ್ಟಕ್ಕೆ, ಮಳೆಯ ನೀರು ಹೊರಗೆ ಹೋಗಲು ಒಂದು ಕಂಡಿ ಇದೆ. ಕಲ್ಲು ಕಡಿದು ಮಾಡಿದ ಕಂಡಿ ಅದು, ಗೋಡೆ ಏಳುವುದಕ್ಕೆ ಮೊದಲಿನದೇ; ಕೈ ಹಾಕಿ ನೋಡಿದೆ. ಅದರ ಮುಂದೆ ಹೊಟ್ಟೆ ಅಡಿಯಾಗಿ ಮಲಗಿ, ಕೆನ್ನೆಯನ್ನು ಮಣ್ಣಿಗೆ ತಾಗಿಸಿ ಕಣ್ಣಿಟ್ಟೆ.

ಕೊಡೆ ಕಾಣುತ್ತಿತ್ತು.